ಅಕ್ಕನ ಸರ್ಪಸುತ್ತೂ ನಾನು ಓದದ ಕಾಗದವೂ



ಕಳೆದ ತಿಂಗಳು ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ದನಿ ತಗ್ಗಿಸಿ ಕೇಳಿದರು: "ಮೇಷ್ಟ್ರೇ, ಸರ್ಪಸುತ್ತಿಗೆ ಕೊಟ್ಟ ಇಂಗ್ಲಿಷ್ ಮಾತ್ರೆಯಿಂದ ನಿಮ್ಮ ಅಕ್ಕನವರ ಎರಡೂ ಕಿಡ್ನಿ ಹೋಯಿತಂತಲ್ಲ?" ನಾನು ಉತ್ತರ ಕೊಡದೆ ಎದುರು ಪಂಕ್ತಿಯತ್ತ ಕೈ ತೋರಿಸಿದೆ. ಅಲ್ಲಿ ನಮ್ಮ ಅಕ್ಕ ಎರಡನೆಯ ಹೋಳಿಗೆಗೆ ತುಪ್ಪ ಸಾಲದೆಂದು ಬಡಿಸುವವನನ್ನು ತಡೆದು ನಿಲ್ಲಿಸಿದ್ದಳು.

ನಗುವ ಪ್ರಸಂಗ ಅಷ್ಟಕ್ಕೇ ಮುಗಿಯಿತು. ಆ ಹಿರಿಯರು ಮುಂದೆ ಹೇಳಿದ ಸಂಗತಿ ನನ್ನ ಊಟವನ್ನು ಅರ್ಧಕ್ಕೆ ನಿಲ್ಲಿಸಿತು. ಅವರ ಭಾವನವರಿಗೆ ಹಣೆಯ ಮೇಲೆ, ಕಣ್ಣಿನ ಪಕ್ಕದಲ್ಲಿ ಸರ್ಪಸುತ್ತು ಎದ್ದಿತಂತೆ. ವೈದ್ಯರು ಮಾತ್ರೆ ಬರೆದುಕೊಟ್ಟರಂತೆ. ಆದರೆ ನಮ್ಮ ಅಕ್ಕನ ಕಥೆ ಕೇಳಿದ್ದ ಮನೆಯವರು ಮಾತ್ರೆ ಬೇಡವೆಂದು ತೀರ್ಮಾನಿಸಿ ಕೆಮ್ಮಣ್ಣು ಹಚ್ಚಿಸಿಕೊಂಡು ಹದಿನೈದು ದಿನ ಕಾದರಂತೆ. ಈಗ ಆ ಕಣ್ಣಿನ ದೃಷ್ಟಿ ಮಸುಕಾಗಿದೆ; ನೋವಂತೂ ಇನ್ನೂ ಹೋಗಿಲ್ಲ.

ಅಕ್ಕನ ಕಥೆಯನ್ನು ಬಂಧುವರ್ಗದಲ್ಲಿ ಮೊದಲು ಹೇಳಿದವನು ನಾನೇ. ದೂರವಾಣಿಯಲ್ಲಿ ಗಾಬರಿಯಿಂದ ಹೇಳಿದ್ದೆ, ಅರ್ಧ ಹೇಳಿದ್ದೆ. ಉಳಿದ ಅರ್ಧದಲ್ಲಿ ನನ್ನ ತಪ್ಪು ಇತ್ತಾದ್ದರಿಂದ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಇಂದು ಪೂರ್ತಿ ಬರೆಯುತ್ತೇನೆ.

ಅದು 2023ರ ಏಪ್ರಿಲ್. ಅಕ್ಕನಿಗೆ ಆಗ ಎಪ್ಪತ್ತೆಂಟು ವರ್ಷ. ನನಗಿಂತ ಹತ್ತು ವರ್ಷ ಹಿರಿಯಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಶಾಲೆಗೆ ಸೇರಿಸಿದವಳು ಅವಳೇ. ಬಲಗಡೆಯ ಪಕ್ಕೆಯಲ್ಲಿ ಉರಿ ಎಂದಳು. ಮಾರನೆಯ ದಿನ ಕೆಂಪಗೆ ಸಾಲುಗಟ್ಟಿ ನೀರುಗುಳ್ಳೆಗಳು ಎದ್ದವು. ಸರ್ಪಸುತ್ತಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ನಂಬಿಕೆಯನ್ನು ನೀವೆಲ್ಲರೂ ಕೇಳಿದ್ದೀರಿ. ಹಾವಿಗೂ ಈ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣು ನರದ ಬುಡದಲ್ಲಿ ದಶಕಗಳ ಕಾಲ ಮಲಗಿದ್ದು, ಮುಪ್ಪಿನಲ್ಲಿ ದೇಹದ ರಕ್ಷಣೆ ಸಡಿಲವಾದಾಗ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದು ನರ ದೇಹದ ಒಂದೇ ಪಕ್ಕಕ್ಕೆ ಸೇರಿರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ತಲೆ ಬಾಲ ಕೂಡುವ ಪ್ರಶ್ನೆಯೇ ಬಾರದು.

ವಿಜ್ಞಾನದ ಮೇಷ್ಟ್ರಾದ ನಾನು ಕೆಮ್ಮಣ್ಣಿನವರನ್ನು ಮನೆಗೆ ಸೇರಿಸಲಿಲ್ಲ. ಎರಡನೆಯ ದಿನವೇ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಅಸೈಕ್ಲೋವಿರ್ ಎಂಬ ಮಾತ್ರೆ ಬರೆದರು: 800 ಮಿಲಿಗ್ರಾಂನದು, ದಿನಕ್ಕೆ ಐದು ಸಲ, ಏಳು ದಿನ. ಗುಳ್ಳೆ ಕಂಡ 72 ಗಂಟೆಗಳ ಒಳಗೆ ಆರಂಭಿಸಿದರೆ ಗುಣ ಹೆಚ್ಚು ಎಂದರು. ಅದು ನಿಜವೇ. ಮೂವತ್ತೈದು ಮಾತ್ರೆಗಳ ಲೆಕ್ಕ ಹಾಕಿ ಕೊಂಡುತಂದೆ. ಪೆಟ್ಟಿಗೆಯೊಳಗೆ ಎಂಟು ಮಡಿಕೆಯ ಒಂದು ಕಾಗದವಿತ್ತು. ಇಂಗ್ಲಿಷಿನಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ. ಕನ್ನಡಕ ಬೇರೆ ಕೋಣೆಯಲ್ಲಿತ್ತು. ಕಾಗದವನ್ನು ಪಂಚಾಂಗದ ಅಡಿಯಲ್ಲಿಟ್ಟೆ.

ಮೂವತ್ತು ವರ್ಷ ಗಂಟೆ ಹೊಡೆದರೆ ತರಗತಿಗೆ ಹೋದವನು ನಾನು. ಗಡಿಯಾರಕ್ಕೆ ಅಲಾರಂ ಇಟ್ಟು ಐದು ಹೊತ್ತೂ ತಪ್ಪದೆ ಮಾತ್ರೆ ನುಂಗಿಸಿದೆ. ಅಕ್ಕನಿಗೆ ನೋವು ತಡೆಯಲಾಗುತ್ತಿರಲಿಲ್ಲ. ವೈದ್ಯರು ಬರೆದ ನೋವಿನ ಮಾತ್ರೆ ಸಾಲದೆಂದು, ಅವರನ್ನು ಕೇಳದೆ, ಔಷಧದ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ದಿನಕ್ಕೆ ಎರಡು ಕೊಟ್ಟೆ. ಅಂಗಡಿಯವನೂ ಚೀಟಿ ಕೇಳಲಿಲ್ಲ. ಅವಳ ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಹೊರಗೆ ಏಪ್ರಿಲ್ಲಿನ ಬಿಸಿಲು. ಊಟ ಸೇರುತ್ತಿರಲಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಾಗುತ್ತದೆಂದು ಸಂಜೆಯ ಮೇಲೆ ಅವಳು ನೀರು ಮುಟ್ಟುತ್ತಿರಲಿಲ್ಲ. ಇದು ನಮ್ಮ ಎಲ್ಲ ಮನೆಗಳ ಅಜ್ಜಿಯರ ಅಭ್ಯಾಸ. ನಡುವೆ ಒಂದು ಏಕಾದಶಿಯೂ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ತೀರಿಹೋದ ನಮ್ಮ ಅಣ್ಣನ ಹೆಸರಿನಿಂದ ಕರೆದಳು. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ, ಒರೆಸು ಎಂದಳು. ಗೋಡೆ ಬೆಳ್ಳಗೆ ಇತ್ತು. ಮಾತು ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಮುಪ್ಪಿನ ಮರೆವು ಒಮ್ಮೆಗೇ ಎರಗಿತೆಂದು ತಿಳಿದ ನಾನು ಅಂದಿನ ಮೊದಲ ಎರಡು ಮಾತ್ರೆಗಳನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಮಧ್ಯಾಹ್ನ ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಕ್ರಿಯಾಟಿನಿನ್ 4.6 ಎಂದು ಬಂತು. ತರುಣಿಯಾದ ವೈದ್ಯೆ ಎರಡೇ ಪ್ರಶ್ನೆ ಕೇಳಿದರು: ಯಾವ ಯಾವ ಮಾತ್ರೆ, ನಿನ್ನೆಯಿಂದ ಮೂತ್ರ ಎಷ್ಟು ಹೋಗಿದೆ. ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಎರಡನೆಯದು ನನಗೆ ತಿಳಿದಿರಲಿಲ್ಲ. ಅಸೈಕ್ಲೋವಿರ್, ನೋವಿನ ಮಾತ್ರೆ, ಮೂತ್ರದ ಮಾತ್ರೆ ಮೂರನ್ನೂ ನಿಲ್ಲಿಸಿ ಸಲೈನ್ ಹಾಕಿದರು. ಮೂರನೆಯ ದಿನ ಅಕ್ಕ ನನ್ನನ್ನು ನನ್ನ ಹೆಸರಿನಿಂದಲೇ ಕರೆದು, ಕಾಫಿಗೆ ಸಕ್ಕರೆ ಸಾಲದೆಂದಳು. ಡಯಾಲಿಸಿಸ್ ಬೇಕಾಗಲಿಲ್ಲ. ಹತ್ತು ದಿನಕ್ಕೆ 1.9ಕ್ಕೆ ಇಳಿಯಿತು, ಎರಡು ತಿಂಗಳಿಗೆ 1.4. ಬಂಧುಗಳು ಹೇಳುವ ಹಾಗೆ ಎರಡೂ ಕಿಡ್ನಿ ಹೋಗಲಿಲ್ಲ.

ಏನಾಯಿತು ಎಂಬುದನ್ನು ನಾನು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇನೆ. ನಾನು ವೈದ್ಯನಲ್ಲ, ಆದರೆ ಇದರಲ್ಲಿ ಹೆಚ್ಚಿನ ಭಾಗ ಒಂಬತ್ತನೆಯ ತರಗತಿಯ ಪಾಠ.

ಕಿಟಕಿಯ ಮೇಲೆ ಇಡುತ್ತಿದ್ದ ಗಾಜಿನ ಬೀಕರು ನಿಮಗೆ ನೆನಪಿದೆಯೇ? ಬಿಸಿನೀರಿನಲ್ಲಿ ಕರಗುವಷ್ಟೂ ಮೈಲುತುತ್ತವನ್ನು ಕರಗಿಸಿ, ದಾರ ಇಳಿಬಿಟ್ಟು, ಮುಟ್ಟಬೇಡಿರೆಂದು ಚೀಟಿ ಅಂಟಿಸುತ್ತಿದ್ದೆ. ವಾರದ ನಂತರ ದಾರಕ್ಕೆ ನೀಲಿ ಹರಳು ಕಟ್ಟಿರುತ್ತಿತ್ತು. ಪರ್ಯಾಪ್ತ ದ್ರಾವಣದಿಂದ ನೀರು ಕಡಿಮೆಯಾದರೆ ಕರಗಿದ್ದು ಕರಗಿಯೇ ಉಳಿಯಲಾರದು ಎಂಬುದೇ ಆ ಪಾಠ. ಅಸೈಕ್ಲೋವಿರ್ ನೀರಿನಲ್ಲಿ ಅಷ್ಟಾಗಿ ಕರಗುವ ವಸ್ತುವಲ್ಲ. ದೇಹವು ಅದರ ಬಹುಪಾಲನ್ನು ಒಡೆಯದೆ ಇದ್ದ ರೂಪದಲ್ಲಿಯೇ ಮೂತ್ರಪಿಂಡದ ಮೂಲಕ ಹೊರಹಾಕುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಹಿಂದಿರುಗಿಸುತ್ತವೆ. ಸೋಸಿದ ದ್ರವ ಹೀಗೆ ಗಟ್ಟಿಯಾಗುತ್ತ ಹೋಗುವ ಸೂಕ್ಷ್ಮ ನಾಳಗಳಲ್ಲಿ ಔಷಧವೂ ಗಟ್ಟಿಯಾಗುತ್ತದೆ. ನೀರು ಕುಡಿಯದವರಲ್ಲಿ ಅದು ಸೂಜಿಯಾಕಾರದ ಹರಳುಗಳಾಗಿ ಕಟ್ಟಿಕೊಂಡು ನಾಳವನ್ನು ಮುಚ್ಚಬಹುದು. ರಕ್ತನಾಳಕ್ಕೆ ವೇಗವಾಗಿ ಕೊಟ್ಟಾಗ ಈ ಅಪಾಯ ಹೆಚ್ಚು. ಆದಕಾರಣ ಆಸ್ಪತ್ರೆಗಳಲ್ಲಿ ಅದನ್ನು ಒಂದು ಗಂಟೆಯ ಕಾಲ ನಿಧಾನವಾಗಿ ಹರಿಸುತ್ತಾರೆ. ಮಾತ್ರೆಯಲ್ಲಿ ಅಪಾಯ ವಿರಳ, ಏಕೆಂದರೆ ನುಂಗಿದ್ದರಲ್ಲಿ ಸ್ವಲ್ಪ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ವಿರಳ ಎಂದರೆ ಇಲ್ಲವೆಂದಲ್ಲ.

ನೋವಿನ ಮಾತ್ರೆಯ ಕೆಲಸ ಬೇರೆ. ನೀರು ಕಡಿಮೆಯಾದಾಗಲೂ ಮೂತ್ರಪಿಂಡಕ್ಕೆ ರಕ್ತ ಸಾಗುವ ನಾಳವನ್ನು ತೆರೆದಿಡುವ ಒಂದು ವ್ಯವಸ್ಥೆ ದೇಹದಲ್ಲಿದೆ. ಡೈಕ್ಲೋಫೆನಾಕಿನಂತಹ ಔಷಧಗಳು ಅದನ್ನೇ ಅಡಗಿಸುತ್ತವೆ. ನಮ್ಮ ದೇಶದ ರಣಹದ್ದುಗಳು ನಾಶವಾದದ್ದು ಇದೇ ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣವನ್ನು ತಿಂದು, ಮೂತ್ರಪಿಂಡ ಕೆಟ್ಟು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ರಾಮನಗರದ ಬೆಟ್ಟಕ್ಕೆ ಒಮ್ಮೆ ನಿಮ್ಮಲ್ಲಿ ಕೆಲವರನ್ನು ಪ್ರವಾಸ ಕರೆದೊಯ್ದು ಹದ್ದು ತೋರಿಸಿ ಈ ಕಥೆಯನ್ನೆಲ್ಲ ಹೇಳಿದವನು ನಾನು. ಮನುಷ್ಯನ ಮೂತ್ರಪಿಂಡ ಹದ್ದಿನದರಷ್ಟು ದುರ್ಬಲವಲ್ಲ, ನಿಜ. ಆದರೂ ಅದೇ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುವಾಗ ಅದು ನೆನಪಾಗಲಿಲ್ಲ.

ಅಕ್ಕನ ವಿಷಯದಲ್ಲಿ ಹರಳಿನ ಪಾಲೆಷ್ಟು, ನೋವಿನ ಮಾತ್ರೆಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು ಎಂದರು ವೈದ್ಯೆ. ಒಂದು ಮಾತ್ರ ಸ್ಪಷ್ಟವಾಗಿತ್ತು. ಮೂತ್ರಪಿಂಡ ಕುಂದಿದಾಗ ಔಷಧ ಹೊರಗೆ ಹೋಗಲಾರದೆ ರಕ್ತದಲ್ಲಿ ಸೇರುತ್ತಾ ಹೋಗಿ ಮಿದುಳಿಗೆ ಮಂಕು ಕವಿಸುತ್ತದೆ. ಗೋಡೆಯ ಮೇಲಿನ ಇರುವೆಗಳು ಬಂದದ್ದು ಅಲ್ಲಿಂದ. ನಾನು ಅದನ್ನು ಮುಪ್ಪು ಎಂದು ಓದಿದೆ.

ಇನ್ನು ನನ್ನನ್ನು ಹೆಚ್ಚು ಕಾಡುವ ಲೆಕ್ಕಕ್ಕೆ ಬರುತ್ತೇನೆ. ಅಕ್ಕನ ಕಡತದಲ್ಲಿ ಆರು ತಿಂಗಳ ಹಿಂದಿನ ರಕ್ತಪರೀಕ್ಷೆಯ ಕಾಗದವಿತ್ತು. ಕ್ರಿಯಾಟಿನಿನ್ 1.3. ಪಕ್ಕದಲ್ಲಿ 1.2ರವರೆಗೆ ಸಹಜ ಎಂದು ಅಚ್ಚಾಗಿತ್ತು. ಒಂದು ಕೂದಲಿನಷ್ಟು ಹೆಚ್ಚು ಎಂದು ನಾವು ಯಾರೂ ಗಮನಿಸಿರಲಿಲ್ಲ. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು 1976ರಲ್ಲಿ ಪ್ರಕಟಿಸಿದ ಒಂದು ಸೂತ್ರವಿದೆ. ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಶುದ್ಧಗೊಳಿಸುತ್ತವೆ ಎಂಬ ಅಂದಾಜನ್ನು ಅದು ಕೊಡುತ್ತದೆ. ನೂರ ನಲವತ್ತರಿಂದ ವಯಸ್ಸನ್ನು ಕಳೆಯಿರಿ, ತೂಕದಿಂದ ಗುಣಿಸಿರಿ, ಬಂದದ್ದನ್ನು ಎಪ್ಪತ್ತೆರಡು ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿರಿ, ಹೆಂಗಸರಾದರೆ 0.85ರಿಂದ ಗುಣಿಸಿರಿ. ಅಕ್ಕನ ತೂಕ 42 ಕಿಲೋ. 140ರಿಂದ 78 ಕಳೆದರೆ 62. ಅದನ್ನು 42ರಿಂದ ಗುಣಿಸಿದರೆ 2604. 72ನ್ನು 1.3ರಿಂದ ಗುಣಿಸಿದರೆ 93.6. ಭಾಗಿಸಿದರೆ 27.8, ಅದನ್ನು 0.85ರಿಂದ ಗುಣಿಸಿದರೆ 23.6. ಮೂವತ್ತು ವರ್ಷದ, 70 ಕಿಲೋ ತೂಕದ ಗಂಡಸಿಗೆ ಇದೇ 1.3 ಇದ್ದರೆ ಉತ್ತರ 82. ಕಾಗದದ ಮೇಲೆ ಇಬ್ಬರದೂ ಒಂದೇ ಅಂಕಿ. ಒಳಗೆ ಒಬ್ಬರಿಗಿರುವ ಶಕ್ತಿಯಲ್ಲಿ ಮೂರನೆಯ ಒಂದಕ್ಕಿಂತ ಕಡಿಮೆ ಇನ್ನೊಬ್ಬರಿಗೆ. ಸ್ನಾಯು ಕರಗಿದ ಮುದುಕಿಯರ ದೇಹದಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾದ್ದರಿಂದ ಅಂಕಿ ಹೀಗೆ ಮೋಸಗೊಳಿಸುತ್ತದೆ.

ಆಸ್ಪತ್ರೆಯಿಂದ ಬಂದ ರಾತ್ರಿ ಪಂಚಾಂಗದ ಅಡಿಯಿಂದ ಆ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಭೂತಗನ್ನಡಿಯನ್ನೂ ಹಿಡಿದು ಓದಿದೆ. ಈ ಸಂಖ್ಯೆ 25ಕ್ಕಿಂತ ಹೆಚ್ಚಿದ್ದರೆ ದಿನಕ್ಕೆ ಐದು ಮಾತ್ರೆ. 10ರಿಂದ 25ರ ನಡುವೆ ಇದ್ದರೆ ಎಂಟು ಗಂಟೆಗೊಂದು, ಅಂದರೆ ಮೂರು ಮಾತ್ರೆ. ಸಾಕಷ್ಟು ನೀರು ಕುಡಿಸಬೇಕೆಂದೂ, ಮೂತ್ರಪಿಂಡಕ್ಕೆ ಭಾರವಾಗುವ ಬೇರೆ ಔಷಧಗಳ ಜೊತೆ ಎಚ್ಚರವಿರಲೆಂದೂ ಇತ್ತು. ಎಲ್ಲವೂ ಇತ್ತು. ಗಣಿತ ಕಲಿಸಿದವನ ಮನೆಯಲ್ಲಿ ಸೂತ್ರಕ್ಕೆ ಬೇಕಾದ ಮೂರು ಅಂಕಿಗಳೂ ಇದ್ದವು. ಅವನ್ನು ಒಂದೆಡೆ ತರುವವರು ಮಾತ್ರ ಇರಲಿಲ್ಲ.

ಹಾಗಾದರೆ ಆ ಮಾತ್ರೆ ವಿಷವೇ? ಇಲ್ಲ ಎಂದು ಗಟ್ಟಿಯಾಗಿ ಹೇಳುವುದಕ್ಕಾಗಿಯೇ ಇಷ್ಟು ಬರೆದೆ. ಇದೇ ಬಳಗದ ಇನ್ನೊಂದು ವೈರಾಣು ಮಿದುಳಿಗೆ ಏರಿದರೆ ಬರುವ ಉರಿಯೂತದಲ್ಲಿ, ಚಿಕಿತ್ಸೆ ಇಲ್ಲದಿದ್ದರೆ ಹತ್ತರಲ್ಲಿ ಏಳು ಮಂದಿ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ಇಂದು ಬದುಕಿಸುವುದು ಇದೇ ಅಸೈಕ್ಲೋವಿರ್. ಕಣ್ಣಿನ ಬಳಿಯ ಸರ್ಪಸುತ್ತಿನಲ್ಲಿ ದೃಷ್ಟಿಗೆ ಬರುವ ಹಾನಿಯನ್ನು ಕಡಿಮೆ ಮಾಡುವುದೂ ಇಂತಹ ಮಾತ್ರೆಗಳೇ. ಇದರ ಹಿಂದಿನ ಸಂಶೋಧನೆಯನ್ನು ನಡೆಸಿದ ತಂಡದ ಮುಖ್ಯಸ್ಥೆ ಗರ್ಟ್ರೂಡ್ ಎಲಿಯನ್ ಎಂಬಾಕೆ ಕೆಲಕಾಲ ನ್ಯೂಯಾರ್ಕಿನ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಕಲಿಸಿದವರು, ನಮ್ಮ ವೃತ್ತಿಬಂಧು. 1988ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅವರ ಔಷಧದ ಚಮತ್ಕಾರವೆಂದರೆ, ಅದು ಸೋಂಕು ತಗುಲಿದ ಜೀವಕೋಶದೊಳಗೆ ಹೋಗಿ ವೈರಾಣುವಿನ ಕಿಣ್ವ ಮುಟ್ಟಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ಆರೋಗ್ಯವಂತ ಕೋಶಗಳಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಳ್ಳನ ಕೈಯಿಂದಲೇ ಬೇಡಿ ತೊಡಿಸುವ ಜಾಣತನವದು. ಆದರೆ ಆ ಜಾಣತನ ವೈರಾಣುವಿನ ಮಟ್ಟಿಗೆ. ಹೊರಗೆ ಹೋಗುವ ದಾರಿಯಲ್ಲಿ ಅದೂ ಬೀಕರಿನ ಮೈಲುತುತ್ತದಂತೆ ಒಂದು ವಸ್ತು ಅಷ್ಟೆ. ಅಲ್ಲಿ ನೀರಿನ ಲೆಕ್ಕವೇ ಲೆಕ್ಕ.

ಅರ್ಧ ಕಥೆಯಿಂದಾಗುವ ಕೇಡು ಇನ್ನೊಂದು ಬಗೆಯಲ್ಲೂ ನನ್ನ ಬಾಗಿಲಿಗೆ ಬಂತು. ನಿಮ್ಮಲ್ಲೇ ಒಬ್ಬರು, ಗುರುತು ಹೇಳುವುದಿಲ್ಲ, ಹೆಪಟೈಟಿಸ್ ಬಿ ಕಾಯಿಲೆಗೆ ಕೆಲವು ವರ್ಷಗಳಿಂದ ಟೆನೊಫೋವಿರ್ ಮಾತ್ರೆ ನುಂಗುತ್ತಿರುವವರು, ಅಕ್ಕನ ಸುದ್ದಿ ಕೇಳಿ ದೂರವಾಣಿ ಮಾಡಿದರು: "ಸರ್, ಇದೂ ಕಿಡ್ನಿಗೆ ಕೆಟ್ಟದ್ದಂತೆ, ನಿಲ್ಲಿಸಿಬಿಡಲೇ?" ಟೆನೊಫೋವಿರ್‌ನ ಹಳೆಯ ರೂಪ ಕೆಲವರಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡುವುದು ನಿಜ. ಅಲ್ಲಿ ಹರಳಿನ ಮಾತಿಲ್ಲ. ಔಷಧ ನಾಳದ ಜೀವಕೋಶಗಳೊಳಗೇ ಸೇರಿಕೊಂಡು ನಿಧಾನವಾಗಿ ಅವನ್ನು ಬಳಲಿಸುತ್ತದೆ, ದೇಹಕ್ಕೆ ಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಸೋರಿ ಮೂಳೆ ದುರ್ಬಲವಾಗಬಹುದು. ಆದರೆ ಆ ಮಾತ್ರೆಯನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಅಡಗಿದ್ದ ವೈರಾಣು ಭುಗಿಲೆದ್ದು ಯಕೃತ್ತೇ ಕೈಕೊಡಬಹುದು. ಹಳೆಯ ರೂಪ 300 ಮಿಲಿಗ್ರಾಂ. 2016ರಿಂದ ಈ ಕಾಯಿಲೆಗೆ ಬಳಕೆಗೆ ಬಂದ ಹೊಸ ರೂಪ ಕೇವಲ 25 ಮಿಲಿಗ್ರಾಂ, ಮೂತ್ರಪಿಂಡಕ್ಕೆ ಹಗುರ. ನಿಲ್ಲಿಸಬೇಡಿ, ವೈದ್ಯರಲ್ಲಿಗೆ ಹೋಗಿ ರಕ್ತ, ಮೂತ್ರ ಎರಡನ್ನೂ ಪರೀಕ್ಷಿಸಿಕೊಳ್ಳಿ, ಹೊಸದು ಹೊಂದುತ್ತದೆಯೇ ಕೇಳಿ ಎಂದೆ. ಅವರು ಹೋದರು. ಅಂಕಿಗಳೆಲ್ಲ ಸರಿಯಾಗಿವೆಯಂತೆ, ಹಳೆಯದೇ ಮುಂದುವರಿದಿದೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. "ಇಂಗ್ಲಿಷ್ ಮದ್ದು ಕಿಡ್ನಿ ತಿನ್ನುತ್ತದೆ" ಎಂಬ ಮಾತನ್ನು ನಮ್ಮ ಬಂಧುವರ್ಗ ಇನ್ನು ಆಡಬಾರದು. ಅದರಿಂದ ಒಂದು ಕಣ್ಣು ಹೋಯಿತು. ಹಾಗೆಂದು ಹೊತ್ತಿಗೆ ಸರಿಯಾಗಿ ನುಂಗಿಸಿದರೆ ಕರ್ತವ್ಯ ಮುಗಿಯಿತೆಂಬ ನನ್ನಂತಹವರ ಶಿಸ್ತೂ ಸಲ್ಲದು. ಮೂತ್ರದ ದಾರಿಯಿಂದ ಹೊರಹೋಗುವ ಔಷಧವನ್ನು ಅರವತ್ತು ದಾಟಿದವರಿಗೆ ಬರೆಯುವಾಗ ಕ್ರಿಯಾಟಿನಿನ್ ಎಷ್ಟು, ತೂಕ ಎಷ್ಟು, ಬೇರೆ ಏನು ನುಂಗುತ್ತಿದ್ದೀರಿ ಎಂದು ಕೇಳುವುದು ಉಪಕಾರವಲ್ಲ, ಬರೆಯುವ ಕೆಲಸದ ಒಂದು ಭಾಗ. ದಿನಕ್ಕೆ ನೂರು ರೋಗಿಗಳನ್ನು ನೋಡುವವರಿಗೆ ಸಮಯವೆಲ್ಲಿ ಎಂದು ನನ್ನ ವೈದ್ಯ ವಿದ್ಯಾರ್ಥಿಯೊಬ್ಬ ಕೇಳಿದ. ಒಪ್ಪುತ್ತೇನೆ, ಎಪ್ಪತ್ತು ಮಕ್ಕಳ ತರಗತಿಯಲ್ಲಿ ಉತ್ತರಪತ್ರಿಕೆ ತಿದ್ದಿದವನು ನಾನು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಕುಳಿತರೆ 72 ಗಂಟೆ ಮೀರುತ್ತದಲ್ಲ ಎಂದೂ ಕೇಳಿದ. ಅದಕ್ಕೆ ಉತ್ತರ ಅವನೇ ಕೊಟ್ಟ: ಮಾತ್ರೆಯನ್ನು ಅಂದೇ ಆರಂಭಿಸಿ, ರಕ್ತವನ್ನೂ ಅಂದೇ ಕಳುಹಿಸಬಹುದು, ಮರುದಿನ ಅಂಕಿ ನೋಡಿ ಐದನ್ನು ಮೂರು ಮಾಡಬಹುದು. ಹಾಗೆ ಮಾಡಪ್ಪಾ ಎಂದೆ.

ಔಷಧದ ಅಂಗಡಿ ಇಟ್ಟಿರುವ ನನ್ನ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ. ಪೆಟ್ಟಿಗೆಯಿಂದ ಪಟ್ಟಿ ಕತ್ತರಿಸಿ ಕೊಟ್ಟು ಕಾಗದವನ್ನು ಕಸದ ಬುಟ್ಟಿಗೆ ಹಾಕುತ್ತೀರಿ. ಹಾಕದಿದ್ದರೂ ಅದನ್ನು ಓದುವವರಿಲ್ಲ. ಅದು ಕನ್ನಡದಲ್ಲಿ ಇರಬೇಕೆಂದು ನಾನು ಎಷ್ಟು ವರ್ಷ ಬರೆದರೂ ಆಗುವುದು ಕಾಣೆ. ಮಾತ್ರೆಯ ಲಕೋಟೆಯ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಗೆರೆ ಎಳೆಯುತ್ತೀರಲ್ಲ, ಅದೇ ಪೆನ್ನಿನಿಂದ "ನೀರು ಚೆನ್ನಾಗಿ ಕುಡಿಸಿ, ಕೇಳದೆ ನೋವಿನ ಮಾತ್ರೆ ಬೇಡ, ಮಂಕಾದರೆ ಕರೆತನ್ನಿ" ಎಂದು ಬರೆಯಿರಿ. ಹೃದಯದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿ ಕುಡಿಯಬೇಕು, ಅದನ್ನೂ ಹೇಳಿರಿ.

ಸರ್ಪಸುತ್ತನ್ನು ತಡೆಯುವ ಹೊಸ ಲಸಿಕೆ, ಎರಡು ಚುಚ್ಚುಮದ್ದಿನದು, 2023ರಲ್ಲಿ ನಮ್ಮ ದೇಶಕ್ಕೂ ಬಂದಿದೆ. ಬೆಲೆ ನಿವೃತ್ತಿ ವೇತನದವರು ಎರಡು ಬಾರಿ ಯೋಚಿಸುವಷ್ಟಿದೆ. ವಿದೇಶದಲ್ಲಿರುವ ಮಕ್ಕಳು ತಂದೆತಾಯಿಗೆ ಫೋನು ಕೊಡಿಸುವ ಮೊದಲು ಇದನ್ನೂ ವಿಚಾರಿಸಬಹುದು.

ಗೃಹಪ್ರವೇಶದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಆ ಹಿರಿಯರು ಹೇಳಿದ್ದನ್ನು ಅಕ್ಕನಿಗೆ ತಿಳಿಸಿದೆ. ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, "ಅವರ ಮನೆಗೆ ನನ್ನನ್ನು ಕರೆದುಕೊಂಡು ಹೋಗು, ನಾನೇ ಹೇಳುತ್ತೇನೆ" ಎಂದಳು. ಬರುವ ಭಾನುವಾರ ಹೋಗುತ್ತಿದ್ದೇವೆ.